ಒಕ್ಕಣೆ ಯಂತ್ರದ ಶಾಫ್ಟ್ ಒಂದೇ ಜಾಗದಲ್ಲಿ ಮತ್ತೆ ಮುರಿದಿದೆ, ಏಕೆ?

ಪ್ರಶ್ನೆ (ರೈತ, ಜಗಳೂರು ತಾಲ್ಲೂಕು): ಸರ್, ಮೆಕ್ಕೆಜೋಳ ಒಕ್ಕುವ ಯಂತ್ರ ಇಟ್ಟುಕೊಂಡಿದ್ದೇವೆ. ಹೋದ ವರ್ಷ ಡ್ರಮ್ಮಿನ ಶಾಫ್ಟ್ ಪುಲ್ಲಿಯ ಹತ್ತಿರ ಮುರಿಯಿತು. ದಾವಣಗೆರೆಯಲ್ಲಿ ಇಎನ್-8 ಉಕ್ಕಿನಲ್ಲಿ ಹೊಸದು ಮಾಡಿಸಿದೆ. ಈ ಸುಗ್ಗಿಯಲ್ಲಿ ಅದೂ ಅಲ್ಲಿಯೇ ಮುರಿದಿದೆ. ಆ ದಿನ ಹೊರೆ ಹೆಚ್ಚೇನೂ ಇರಲಿಲ್ಲ. ಕಳಪೆ ಉಕ್ಕು ಕೊಟ್ಟರೇ? ವೆಲ್ಡಿಂಗ್ ಮಾಡಿಸಿದರೆ ಸುಗ್ಗಿ ಮುಗಿಯುವವರೆಗಾದರೂ ನಡೆದೀತೇ?

ಉತ್ತರ (ಮೆಕ್ಯಾನಿಕಲ್ ಎಂಜಿನಿಯರ್, ದಾವಣಗೆರೆ): ಅಂಗಡಿಯವರೊಡನೆ ಜಗಳಕ್ಕೆ ಹೋಗುವ ಮೊದಲು ಮುರಿದ ಮುಖವನ್ನು ನೋಡಿ. ಎರಡು ತುಂಡುಗಳನ್ನು ಒಂದಕ್ಕೊಂದು ಕೂಡಿಸಬೇಡಿ, ತಂತಿ ಬ್ರಷ್‌ನಿಂದ ಉಜ್ಜಬೇಡಿ, ಸಾಕ್ಷಿ ಅಳಿಸಿಹೋಗುತ್ತದೆ. ಬಿಸಿಲಿನಲ್ಲಿ ಓರೆಯಾಗಿ ಹಿಡಿದು, ಎಲ್ಲಿ ನುಣುಪಾಗಿದೆ, ಎಲ್ಲಿ ಒರಟಾಗಿದೆ ತಿಳಿಸಿ.

ರೈತ: ನಾಲ್ಕರಲ್ಲಿ ಮೂರು ಪಾಲು ನುಣುಪು, ಬಾಗಿದ ಗೆರೆಗಳಿವೆ. ಒಂದು ಅಂಚಿನಲ್ಲಿ ಮಾತ್ರ ಕಾಳುಕಾಳಾಗಿ ಒರಟಾಗಿದೆ. ಗೆರೆಗಳೆಲ್ಲ ಕೀವೇ (ಪುಲ್ಲಿಯ ಕೀಲಿ ಕೂರಲು ಶಾಫ್ಟಿನಲ್ಲಿ ಕೊರೆದ ತೋಡು) ಮೂಲೆಯಿಂದ ಹೊರಟಂತಿವೆ.

ಉತ್ತರ: ಹಾಗಿದ್ದರೆ ಉಕ್ಕಿನ ಮೇಲಿನ ಅನುಮಾನ ಬಿಡಿ. ಬೇಸಿಗೆಯಲ್ಲಿ ಸೂಳೆಕೆರೆಯ ನೀರು ಇಳಿಯುತ್ತಾ ದಂಡೆಯ ಮೇಲೆ ಗೆರೆ ಬಿಟ್ಟುಹೋಗುವುದನ್ನು ನೋಡಿದ್ದೀರಲ್ಲ, ಇವೂ ಅಂಥವೇ. ಬಿರುಕು ಹಂತಹಂತವಾಗಿ ಮುಂದೆ ಸರಿದ ಗುರುತುಗಳು. ಅದು ದಿನಗಟ್ಟಲೆ ಬೆಳೆದಿದೆ. ಉಳಿದ ಕಾಲು ಭಾಗ ಹೊರೆ ತಾಳದೆ ಒಮ್ಮೆಗೇ ಹರಿದದ್ದೇ ಆ ಒರಟು ಅಂಚು. ಹೊರೆ ಮಿತಿಮೀರಿ ಮುರಿದಿದ್ದರೆ ಒರಟು ಭಾಗವೇ ಹೆಚ್ಚಿರುತ್ತಿತ್ತು.

ಇದನ್ನು ಲೋಹದ ದಣಿವು ಎನ್ನುತ್ತೇವೆ. ಬೆಲ್ಟ್ ಶಾಫ್ಟನ್ನು ಒಂದೇ ಕಡೆಗೆ ಜಗ್ಗುತ್ತದೆ, ಶಾಫ್ಟ್ ತಿರುಗುತ್ತದೆ. ಹಾಗಾಗಿ ಅದರ ಮೈಯ ಪ್ರತಿ ಭಾಗವೂ ಒಂದು ಸುತ್ತಿನಲ್ಲಿ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ನಿಮಿಷಕ್ಕೆ 600 ಸುತ್ತು ಎಂದಿಟ್ಟುಕೊಂಡರೆ ಎಂಟು ಗಂಟೆಗೆ 2,88,000 ಸಲ; ನಾಲ್ಕು ದಿನಕ್ಕೆ ಹನ್ನೊಂದು ಲಕ್ಷ ದಾಟುತ್ತದೆ. ಒಂದು ಸಲಕ್ಕೆ ಏನೂ ಅಲ್ಲದ ಎಳೆತವೇ ಲಕ್ಷಾಂತರ ಸಲ ಬಿದ್ದರೆ ಮುರಿಯುತ್ತದೆ. 1850–60ರ ದಶಕಗಳಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲು ಗಾಡಿಗಳ ಅಚ್ಚುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಕೀವೇಯ ಚೂಪು ಮೂಲೆಯಲ್ಲಿ ಈ ಎಳೆತ ಒಟ್ಟುಗೂಡುತ್ತದೆ, ಅದಕ್ಕೇ ಬಿರುಕು ಎರಡು ಸಲವೂ ಅಲ್ಲಿಯೇ ಬಂದಿರಬೇಕು.

ವೆಲ್ಡಿಂಗ್ ಖಂಡಿತ ಬೇಡ. ಇಎನ್-8ರಲ್ಲಿ ಇಂಗಾಲ ಸುಮಾರು ಶೇ 0.4 ಇರುತ್ತದೆ. ಮೊದಲೇ ಬಿಸಿ ಮಾಡದೆ ಬೆಸೆದರೆ ಬೆಸುಗೆಯ ಪಕ್ಕದ ಉಕ್ಕು ಗಡಸಾಗಿ, ಪೆಡಸಾಗಿ, ಹೊಸ ಬಿರುಕಿಗೆ ತಾನೇ ದಾರಿ ಮಾಡಿಕೊಡುತ್ತದೆ.

ಲೇತ್ ಕೆಲಸಗಾರ, ಹರಿಹರ: ಸರ್, ಇನ್ನೂ ಗಟ್ಟಿ ಉಕ್ಕು ಹಾಕಿದರೆ?

ಉತ್ತರ: ಮೂಲೆ ಚೂಪಾಗಿಯೇ ಉಳಿದರೆ ಹಾಕಿದ ದುಡ್ಡಿಗೆ ತಕ್ಕ ಫಲ ಸಿಗುವುದಿಲ್ಲ. ಗಟ್ಟಿ ಉಕ್ಕಿಗೆ ಅಂಥ ಮೂಲೆಯ ಪೆಟ್ಟು ಇನ್ನೂ ಹೆಚ್ಚು ತಾಗುತ್ತದೆ. ನಿಮ್ಮ ಕೈಯಲ್ಲೇ ಇರುವ ಮದ್ದು ಬೇರೆ: ಕೀವೇ ತಳದ ಮೂಲೆಗಳನ್ನು ದುಂಡಗೆ ಬಿಡಿ, ಶಾಫ್ಟಿನ ದಪ್ಪ ಬದಲಾಗುವ ಮೆಟ್ಟಿಲಿಗೂ ದುಂಡು ಕೊಡಿ, ಉಳಿಯ ಗೀರು ಉಳಿಯದಂತೆ ಪಾಲಿಶ್ ಮಾಡಿ. ಮಾಲೀಕರು ಪುಲ್ಲಿಯನ್ನು ಬೇರಿಂಗ್‌ಗೆ ಸಾಧ್ಯವಾದಷ್ಟು ಹತ್ತಿರ ಕೂರಿಸಲಿ, ಬೆಲ್ಟನ್ನು ಅತಿಯಾಗಿ ಬಿಗಿಯುವುದು ಬೇಡ. ಡ್ರಮ್ಮಿನ ಹಲ್ಲು ಬಿದ್ದಿದ್ದರೆ ಹಾಕಿಸಿ. ತೂಕ ಒಂದು ಕಡೆಗೆ ವಾಲಿದರೆ ನಡುಕ ಹೆಚ್ಚುತ್ತದೆ.

ರೈತ: ನಮ್ಮ ಅಣ್ಣನ ಮನೆಯಲ್ಲೂ ಇಂಥದೇ ಯಂತ್ರವಿದೆ. ಮುರಿಯುವ ಮೊದಲೇ ತಿಳಿಯಬಹುದೇ?

ಉತ್ತರ: ತಿಳಿಯಬಹುದು. ಪುಲ್ಲಿ ಬಿಚ್ಚಿ, ಗ್ರೀಸ್ ಒರೆಸಿ, ಕೀವೇ ಸುತ್ತ ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಚೆನ್ನಾಗಿ ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಎಣ್ಣೆ ಜಿನುಗಿ, ಬಿಳಿಯ ಮೇಲೆ ಕೂದಲಿನಂಥ ಕಪ್ಪು ಗೆರೆ ಮೂಡುತ್ತದೆ. ಕಂಡರೆ ಆ ದಿನವೇ ಯಂತ್ರ ನಿಲ್ಲಿಸಿ. ಓಡುತ್ತಿರುವಾಗ ಪುಲ್ಲಿ ಹಾರಿದರೆ ಪಕ್ಕದಲ್ಲಿ ತೆನೆ ತುಂಬುತ್ತಾ ನಿಂತವರಿಗೆ ಬಡಿಯುತ್ತದೆ.