ಕುಣಿಯುವವಳು ಅಂತ ಬೇಡ ಅನ್ನಬೇಡ ಮಗಾ

ಮಗಾ, ಮನೆಯವರ ಗ್ರೂಪಿಗೆ ನೀನು ಹಾಕಿದ ಮೆಸೇಜು ಈಗಷ್ಟೇ ಕೇಳಿದೆ. ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರು, ಹುಡುಗಿ ಬ್ಯಾಲೆ ಕುಣಿಯುವವಳು, ಇದು ಸರಿಹೋಗುತ್ತದಾ ದೊಡ್ಡಮ್ಮಾ ಅಂತ ಕೇಳಿದ್ದಿ. ಅವಳು ಸಂಬಳ ನೋಡಿ ಬಂದವಳು, ಇವನು ಚಂದ ನೋಡಿ ಮರುಳಾದವ ಅಂತ ನೀರ್ಚಾಲು ಮಾವ ಹೇಳಿದರಂತೆ. ಮಾವ ಹೇಗೆ ಅಂತ ನಿಮಗೆಲ್ಲ ಗೊತ್ತುಂಟಲ್ವಾ.

ಕೆಲಸ ನೋಡಿ ಜನರನ್ನು ಅಳೆಯಬೇಡಿ. ನಮ್ಮ ಅಕ್ಕನಿಗೆ ಹಾಗೇ ಆಯಿತು. 1971ರಲ್ಲಿ ಯಕ್ಷಗಾನ ಮೇಳದ ವೇಷಧಾರಿಯೊಬ್ಬರ ಸಂಬಂಧ ಬಂದಿತ್ತು. ಕಾಲಿಗೆ ನೀರು ಕೊಟ್ಟದ್ದು ನಾನೇ. ಕಣಕಾಲಲ್ಲಿ ಗೆಜ್ಜೆ ಉಜ್ಜಿ ಉಜ್ಜಿ ಕಪ್ಪಾದ ಗುರುತು, ಕಿವಿಯ ಹಿಂದೆ ತೊಳೆದರೂ ಹೋಗದ ಬಣ್ಣ. ಮಾತು ಎಷ್ಟು ಮೆತ್ತಗೆ! ಅಪ್ಪ ಒಪ್ಪಲಿಲ್ಲ. ದೀಪಾವಳಿ ಕಳೆದು ಊರೂರು ಆಟದ ತಿರುಗಾಟಕ್ಕೆ ಹೋದವ ಮೇ ಕೊನೆಗೆ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಮೇಲೆಯೇ ಮನೆ ಸೇರುವುದು, ಕುಣಿಯುವವರಿಗೆ ಸಂಸಾರ ಯಾಕೆ ಅಂದರು. ಆ ವೇಷಧಾರಿ ಬೇರೆ ಮದುವೆಯಾಗಿ, ಮಳೆಗಾಲ ಪೂರ್ತಿ ತೋಟದಲ್ಲಿ ದುಡಿದು, ಮೂರು ಮಕ್ಕಳನ್ನು ಓದಿಸಿದರು. ಅಕ್ಕ ಮತ್ತೆ ಯಾರನ್ನೂ ಒಪ್ಪಲಿಲ್ಲ. ರಾತ್ರಿ ದೂರದಲ್ಲಿ ಚೆಂಡೆ ಕೇಳಿದರೆ ಎದ್ದು ಜಗಲಿಯಲ್ಲಿ ಕೂರುತ್ತಿದ್ದಳು. ಸಾಯುವವರೆಗೂ.

ಮತ್ತೆ ಹೇಳುತ್ತೇನೆ, ಕೆಲಸ ನೋಡಿ ಅಳೆಯಬೇಡಿ.

ಪುಳ್ಳಿ, ನಮ್ಮ ಮೊಮ್ಮಗ, ವಿಡಿಯೋ ಕಾಲಲ್ಲಿ ಆ ಹುಡುಗಿ ತುದಿಗಾಲಲ್ಲಿ ಕುಣಿಯುವ ಶೂ ತೋರಿಸಿದ. ತುದಿಯೊಳಗೆ ಮರ ಇರಬೇಕು ಅಂದುಕೊಂಡಿದ್ದೆ. ಅಲ್ಲ, ಬಟ್ಟೆ ಕಾಗದ ಪದರ ಪದರವಾಗಿ ಅಂಟಿಸಿದ್ದಂತೆ. ರಿಬ್ಬನ್ ಅವಳೇ ಹೊಲಿಯುವುದು. ಒಂದೇ ಪ್ರದರ್ಶನಕ್ಕೆ ಜೋಡಿ ಮೆತ್ತಗಾಗಿ ಹೋಗುವುದೂ ಉಂಟು, ಮತ್ತೆ ಹೊಸದಕ್ಕೆ ಸೂಜಿ ಹಿಡಿಯಬೇಕು. ಇಷ್ಟು ದುಡಿಯುವವಳು ಇವನ ಸಂಬಳ ಕಾದು ಕೂತಿದ್ದಾಳಾ? ಇವನೂ ಲ್ಯಾಪ್‌ಟಾಪ್ ಬಿಟ್ಟು ಬೇರೇನೂ ಬೇಡದವ ಅಲ್ಲ. ಕಳೆದ ವರ್ಷ ಅಡಿಕೆ ಸುಲಿಯಲು ನನ್ನೊಟ್ಟಿಗೆ ಕೂತವ ಅವನೊಬ್ಬನೇ.

ಉಳಿದವರು? ಅಡಿಕೆಗೆ ಕೊಳೆರೋಗ ಬಂದು ಅರ್ಧ ಫಸಲು ಉದುರಿದಾಗ ಈ ಗ್ರೂಪಿನಿಂದ ಒಂದು ಫೋನು ಬರಲಿಲ್ಲ. ಮದ್ದು ಬಿಡುವ ಜನ ಹುಡುಕಿ ಮಳೆಯಲ್ಲಿ ನಾನೊಬ್ಬಳೇ ಅಲೆದೆ. ಮದುವೆ ಮಾತು ಅಂದ ಕೂಡಲೇ ಎಲ್ಲರಿಗೂ ಬಾಯಿ ಬಂತು. ತುಂಬ ಬೇಸರ ಆಗುತ್ತದೆ ಮಗಾ.

ಹಾಂ, ಹೇಳಬೇಕಾದದ್ದೇ ಮರೆತೆ. ಆಟಿ ತಿಂಗಳ ಜೋರು ಮಳೆಯಲ್ಲಿ ಅವಳನ್ನು ಕರೆಸಬೇಡ. ಅಂಗಳ ಪೂರ್ತಿ ಪಾಚಿ, ಜಾರುತ್ತದೆ. ಅವಳಿಗೆ ಕಾಲೇ ಅನ್ನ. ದೀಪಾವಳಿಗೆ ಬರಲಿ. ಕಣ್ಣೂರು ರೈಲಿನ ಬುಕಿಂಗ್ 60 ದಿನ ಮೊದಲು ಶುರುವಾಗುತ್ತದೆ, ಅವತ್ತೇ ಇಬ್ಬರಿಗೂ ಮಾಡಿಸು. ಕಾಸರಗೋಡು ಸ್ಟೇಷನ್ನಿಗೆ ಆಟೋ ನಾನು ಹೇಳಿಡುತ್ತೇನೆ. ಕುಣಿದು ತೋರಿಸು ಅಂತ ಯಾರೂ ಕೇಳಬಾರದು, ಮಾವನಿಗೂ ಹೇಳು.