ವರ್ಷಕ್ಕೆ 13 ತಿಂಗಳು ಯಾಕೆ? ಒಂದು ಪ್ರಶ್ನೆ, ನಾಲ್ಕಾರು ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಧಾರವಾಡದ ಕಡೆ ಅಧಿಕ ಮಾಸ ಬಂತೆಂದರೆ ಅಳಿಯಂದಿರಿಗೆ ಸುಗ್ಗಿ. ತಟ್ಟೆಯಲ್ಲಿ 33 ಅನಾರಸ (ಅಕ್ಕಿ ಹಿಟ್ಟಿನ ಸಿಹಿತಿಂಡಿ) ಇಟ್ಟು ಕೊಡುತ್ತಾರೆ. ಮೊನ್ನೆ ಅದೇ ಮಾತು ಬಂದಾಗ ಮಗಳು ಕೇಳಿದಳು: "ಅಪ್ಪಾ, ಕ್ಯಾಲೆಂಡರ್ ಮಾಡಿದವರಿಗೆ ಲೆಕ್ಕ ಬರ್ತಿರಲಿಲ್ವಾ? ಒಂದು ತಿಂಗಳು ಯಾಕೆ ಜಾಸ್ತಿ ಆಯ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇದು ನಮ್ಮಲ್ಲಿ ಮಾತ್ರವೇ? ಹಳೆಯ ಈಜಿಪ್ಟ್, ಬ್ಯಾಬಿಲೋನ್ ಜನ ಏನು ಮಾಡುತ್ತಿದ್ದರು? ನೀವು ಪ್ರಾಚೀನ ಇತಿಹಾಸ ಪಾಠ ಮಾಡುವವರು, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ನಮಸ್ಕಾರ ಸರ್. ಮಗಳಿಗೆ ಹೇಳಿ, ಅವರಿಗೆ ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು. ಚಂದ್ರ ಮತ್ತು ಸೂರ್ಯ ಹೊಂದಿಕೊಳ್ಳಲಿಲ್ಲ, ಅಷ್ಟೇ.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಸಲ ಕೂಡಿದರೆ 354. ಮಳೆ, ಚಳಿ, ಬೆಳೆ ನಡೆಯುವುದು ಸೂರ್ಯನ ಲೆಕ್ಕದಲ್ಲಿ, ಅದು 365 ಚಿಲ್ಲರೆ. ಪ್ರತಿ ವರ್ಷ 11 ದಿನ ಕೊರತೆ. ಹಾಗೇ ಬಿಟ್ಟರೆ ಯುಗಾದಿ ಚಳಿಗಾಲಕ್ಕೆ ಬಂದು ಕೂರುತ್ತದೆ. ಅದಕ್ಕೇ ಕೊರತೆ ಒಂದು ತಿಂಗಳಷ್ಟಾದಾಗ ಒಂದು ತಿಂಗಳು ಸೇರಿಸುವುದು.

ಬ್ಯಾಬಿಲೋನಿನವರೂ ಇದನ್ನೇ ಮಾಡಿದರು. ಸಂಜೆ ಪಡುವಣದಲ್ಲಿ ಎಳೆಚಂದ್ರ ಕಂಡರೆ ಹೊಸ ತಿಂಗಳು. ಋತು ಹಿಂದೆ ಬಿದ್ದಿದೆ ಅನಿಸಿದಾಗ ರಾಜನೇ ಹೆಚ್ಚುವರಿ ತಿಂಗಳು ಘೋಷಿಸುತ್ತಿದ್ದ. ಕಾನೂನುಗಳನ್ನು ಕಲ್ಲಿನ ಕಂಬದ ಮೇಲೆ ಕೆತ್ತಿಸಿದ ಬ್ಯಾಬಿಲೋನಿನ ರಾಜ ಹಮ್ಮುರಾಬಿ, ಲಾರ್ಸಾ ನಗರದಲ್ಲಿದ್ದ ತನ್ನ ಅಧಿಕಾರಿಗೆ ಜೇಡಿಮಣ್ಣಿನ ಹಲಗೆಯ ಮೇಲೆ ಬರೆಸಿದ ಒಂದು ಪತ್ರ ಸಿಕ್ಕಿದೆ. ನನ್ನ ವಿದ್ಯಾರ್ಥಿಗಳಿಗೆ ತುಂಬಾ ಇಷ್ಟವಾದ ಪತ್ರ ಅದು. ಸಾರ ಇಷ್ಟು: ಈ ವರ್ಷ ಒಂದು ತಿಂಗಳು ಹೆಚ್ಚಿಗೆ ಇದೆ, ಬರುವ ತಿಂಗಳನ್ನು 'ಎರಡನೇ ಉಲೂಲು' ಎಂದು ಬರೆದುಕೊಳ್ಳಿ. ಆದರೆ ತಶ್ರಿತು ತಿಂಗಳ 25ಕ್ಕೆ ಬರಬೇಕಿದ್ದ ತೆರಿಗೆ, ಎರಡನೇ ಉಲೂಲುವಿನ 25ಕ್ಕೇ ಬಂದು ಸೇರಬೇಕು.

ನೋಡಿದಿರಾ? ಉಲೂಲು ಆರನೇ ತಿಂಗಳು, ತಶ್ರಿತು ಏಳನೆಯದು. ನಡುವೆ ತಿಂಗಳೊಂದು ಹೊಕ್ಕರೆ ತೆರಿಗೆ ಕಟ್ಟಲು 30 ದಿನ ಜಾಸ್ತಿ ಸಿಕ್ಕಿತು ಅಂತ ಜನ ಖುಷಿಪಟ್ಟಾರು ಎಂದು ರಾಜನಿಗೆ ಮೊದಲೇ ಗೊತ್ತಿತ್ತು. ಇದು ಕ್ರಿ.ಪೂ. 18ನೇ ಶತಮಾನದ ಮಾತು!

ಈಜಿಪ್ಟಿನವರ ದಾರಿ ಬೇರೆ. ಆಡಳಿತದ ಕ್ಯಾಲೆಂಡರ್‌ನಿಂದ ಅವರು ಚಂದ್ರನನ್ನೇ ಕೈಬಿಟ್ಟರು. 30 ದಿನದ 12 ತಿಂಗಳು, ಕೊನೆಗೆ 5 ದಿನ. ಆ ಐದು ದಿನ ಒಸಿರಿಸ್, ಹೋರಸ್, ಸೇತ್, ಐಸಿಸ್, ನೆಫ್ತಿಸ್ ದೇವತೆಗಳ ಹುಟ್ಟುಹಬ್ಬ. ವರ್ಷಕ್ಕೆ ಮೂರು ಕಾಲ: ನೈಲ್ ಉಕ್ಕುವ ಕಾಲ, ಬಿತ್ತಿ ಬೆಳೆಯುವ ಕಾಲ, ಕೊಯ್ಲಿನ ಕಾಲ. ಲೆಕ್ಕ ಇಡುವವರಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಖಗೋಳ ವಿಜ್ಞಾನಿ ಕೋಪರ್ನಿಕಸ್ ಕೂಡ ತನ್ನ ಕೋಷ್ಟಕಗಳಿಗೆ ಈಜಿಪ್ಟಿನ ವರ್ಷವನ್ನೇ ಬಳಸಿದ್ದು.

ಮರುಪ್ರಶ್ನೆ: ಹಾಗಾದರೆ ಕಾಲು ದಿನ ಎಲ್ಲಿ ಹೋಯಿತು ಮೇಡಂ? ಅವರಲ್ಲಿ ಲೀಪ್ ವರ್ಷ ಇರಲಿಲ್ಲವೇ?

ಉತ್ತರ: ಇರಲಿಲ್ಲ. ಅದೇ ಅವರ ತಲೆನೋವು. ನಾಲ್ಕು ವರ್ಷಕ್ಕೆ ಒಂದು ದಿನ, 120 ವರ್ಷಕ್ಕೆ ಒಂದು ತಿಂಗಳು ಜಾರಿತು. 'ನೆರೆಯ ಕಾಲ' ಎಂದು ಹೆಸರಿದ್ದ ತಿಂಗಳಲ್ಲಿ ಹೊಲ ಒಣಗಿರುತ್ತಿತ್ತು. ಮತ್ತೆ ಮೊದಲಿನ ಜಾಗಕ್ಕೆ ಬರಲು ಸುಮಾರು 1460 ವರ್ಷ ಬೇಕು. ರೈತನಿಗೆ ಇದರಿಂದ ನಷ್ಟವೇನೂ ಆಗಿರಲಿಕ್ಕಿಲ್ಲ. ನದಿ ಉಕ್ಕಿದ್ದು ಅವನ ಕಣ್ಣಿಗೇ ಕಾಣುತ್ತದಲ್ಲ! ಜತೆಗೆ ಲುಬ್ಧಕ ನಕ್ಷತ್ರ ಇತ್ತು. ಕೆಲವು ವಾರ ಕಾಣದೆ ಇದ್ದು, ಬೇಸಿಗೆಯ ಒಂದು ಬೆಳಗಿನ ಜಾವ ಸೂರ್ಯನಿಗಿಂತ ಸ್ವಲ್ಪ ಮೊದಲು ಮೂಡಿತೆಂದರೆ ನೀರು ಬರುವ ಹೊತ್ತಾಯಿತು ಎಂದರ್ಥ.

ಸರಿಮಾಡಲು ಪ್ರಯತ್ನವೂ ನಡೆಯಿತು. ಕ್ರಿ.ಪೂ. 238ರಲ್ಲಿ ರಾಜ ಮೂರನೇ ಟಾಲೆಮಿಯ ಕಾಲದಲ್ಲಿ ಪುರೋಹಿತರು ಕನೋಪಸ್ ಪಟ್ಟಣದಲ್ಲಿ ಸೇರಿ, ನಾಲ್ಕು ವರ್ಷಕ್ಕೊಮ್ಮೆ ಆ ಐದು ದಿನಕ್ಕೆ ಆರನೆಯದನ್ನು ಸೇರಿಸೋಣ ಎಂದು ತೀರ್ಮಾನ ಮಾಡಿ ಕಲ್ಲಿನಲ್ಲಿ ಕೆತ್ತಿಸಿದರು. ಚಳಿಗಾಲದ ಹಬ್ಬ ಬೇಸಿಗೆಗೆ ಬರುತ್ತಿದೆ ಎಂಬ ಕಾರಣವೂ ಅದರಲ್ಲಿದೆ. ಯಾರೂ ಪಾಲಿಸಲಿಲ್ಲ. ಈಜಿಪ್ಟಿನಲ್ಲಿ ಲೀಪ್ ದಿನ ನೆಲೆ ನಿಂತಿದ್ದು ರೋಮಿನ ಅಗಸ್ಟಸ್ ಕಾಲಕ್ಕೆ.

ಇನ್ನೊಬ್ಬರು: 2012ರ ಮಾಯಾ ಕ್ಯಾಲೆಂಡರ್ ಪ್ರಳಯ ಏನಾಯ್ತು ಮೇಡಂ? 😀

ಉತ್ತರ: ಏನೂ ಆಗಲಿಲ್ಲ, ನೀವು ಇಲ್ಲೇ ಇದ್ದೀರಲ್ಲ. 1,44,000 ದಿನದ ಒಂದು ದೊಡ್ಡ ಸುತ್ತು ಮಧ್ಯ ಅಮೆರಿಕದ ಮಾಯಾ ಜನರ ಎಣಿಕೆಯಲ್ಲಿ ಮುಗಿಯಿತು, ಅಷ್ಟೇ. ಸ್ಕೂಟರ್ ಮೀಟರಿನ ಅಂಕಿ ತಿರುಗಿದ ಹಾಗೆ.

ಮರುಪ್ರಶ್ನೆ: ನಮ್ಮ ಅಧಿಕ ಮಾಸ ಬ್ಯಾಬಿಲೋನಿಂದ ಬಂದಿದ್ದೇ?

ಉತ್ತರ: ಹಾಗೆ ಸುಮ್ನೆ ಹೇಳಿಬಿಡಲು ಆಗುವುದಿಲ್ಲ. ಋಗ್ವೇದದಲ್ಲೇ ವರುಣನಿಗೆ ಹನ್ನೆರಡು ತಿಂಗಳೂ ಗೊತ್ತು, ಅವುಗಳ ಜತೆ ಹುಟ್ಟುವ ಇನ್ನೊಂದೂ ಗೊತ್ತು ಎಂಬ ಮಾತಿದೆ. ವೇದಾಂಗ ಜ್ಯೋತಿಷ ಎಂಬ ಹಳೆಯ ಕಾಲಗಣನೆಯ ಗ್ರಂಥದಲ್ಲಿ ಐದು ವರ್ಷಕ್ಕೆ ಎರಡು ಅಧಿಕ ಮಾಸ. ಅದು ಒರಟು ಲೆಕ್ಕ, ಐದು ವರ್ಷಕ್ಕೆ ನಾಲ್ಕು ದಿನಕ್ಕಿಂತ ಜಾಸ್ತಿ ತಪ್ಪುತ್ತದೆ. ಈಗಿನ ಪಂಚಾಂಗದ ನಿಯಮ ಬೇರೆ: ಎರಡು ಅಮಾವಾಸ್ಯೆಗಳ ನಡುವೆ ಸೂರ್ಯನ ಸಂಕ್ರಮಣ ಬೀಳದಿದ್ದರೆ ಅದು ಅಧಿಕ.

ಬ್ಯಾಬಿಲೋನಿನವರು ಕ್ರಿ.ಪೂ. 500ರ ಹೊತ್ತಿಗೆ ರಾಜನ ಅಪ್ಪಣೆಗೆ ಕಾಯುವುದನ್ನು ಬಿಟ್ಟು 19 ವರ್ಷಕ್ಕೆ 7 ಹೆಚ್ಚುವರಿ ತಿಂಗಳು ಎಂದು ಗೊತ್ತುಮಾಡಿಕೊಂಡರು. 19 ವರ್ಷ ಎಂದರೆ 235 ಚಾಂದ್ರಮಾಸ. ವ್ಯತ್ಯಾಸ ಬರೀ ಎರಡು ಗಂಟೆಯಷ್ಟು! ನಮ್ಮ ಪಂಚಾಂಗದಲ್ಲೂ ಇದು ಕಾಣುತ್ತದೆ. 2023ರಲ್ಲಿ ಅಧಿಕ ಶ್ರಾವಣ ಜುಲೈ 18ಕ್ಕೆ ಶುರುವಾಯಿತು. 19 ವರ್ಷ ಹಿಂದೆ, 2004ರಲ್ಲಿ? ಅದೂ ಅಧಿಕ ಶ್ರಾವಣ, ಅದೂ ಜುಲೈ 18. ನಿಮ್ಮ 19ನೇ, 38ನೇ ಹುಟ್ಟುಹಬ್ಬದ ತಿಥಿ ತೆಗೆದು ನೋಡಿ, ಹುಟ್ಟಿದ ದಿನದ ತಿಥಿಗೆ ಹೊಂದುತ್ತದೆ.

ಪ್ರಶ್ನೆ ಕೇಳಿದವರು: ಈಗಷ್ಟೇ ನೋಡಿದೆ ಮೇಡಂ. ಹುಟ್ಟಿದ್ದು ಪಂಚಮಿ, 38ಕ್ಕೆ ಚೌತಿ ತೋರಿಸುತ್ತಿದೆ. ನಮ್ಮ ಮನೆಯವರು ನಗುತ್ತಿದ್ದಾರೆ.

ಉತ್ತರ: ನಗಲಿ ಬಿಡಿ ಸರ್. 19 ವರ್ಷದಲ್ಲಿ ಫೆಬ್ರುವರಿ 29 ಒಮ್ಮೆ ನಾಲ್ಕು ಸಲ ಬರುತ್ತದೆ, ಒಮ್ಮೆ ಐದು ಸಲ. ಹಾಗಾಗಿ ಒಂದು ದಿನ ಆಚೀಚೆ ಆಗುವುದು ಮಾಮೂಲು. ಮರುದಿನ ಪಂಚಮಿ ಇದ್ದೇ ಇರುತ್ತದೆ, ನೋಡಿ.