ಸ್ಯಾಂಡರ್‌ನಿಂದ ಮರ ‘ಉಜ್ಜುವುದೋ’, ‘ತೀಡುವುದೋ’? ಗ್ರಿಟ್‌ಗೆ ‘ತರಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಮರಗೆಲಸದ ಶೆಡ್ಡಿನ ಗೋಡೆಗೆ ಅಂಟಿಸಲು ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಕೈಯಲ್ಲಿ ಹಿಡಿದು ಮರ ನಯ ಮಾಡುವ ಆರ್ಬಿಟಲ್ ಸ್ಯಾಂಡರ್ ಬಗ್ಗೆ. ಕೆಲವು ಪದಗಳು ಕೈಗೆ ಸಿಗುತ್ತಿಲ್ಲ.

ಮೊದಲು ಗ್ರಿಟ್. ಉಪ್ಪು ಕಾಗದದ ಬೆನ್ನಿಗೆ 80, 120, 220 ಅಂತ ಅಚ್ಚಾಗಿರುತ್ತಲ್ಲ, ಅದು. ನನಗೆ ಹೊಳೆದದ್ದು ‘ತರಿ’. ಅಕ್ಕಿತರಿ, ತರಿತರಿಯಾಗಿ ರುಬ್ಬು ಅನ್ನುತ್ತೇವೆ, ಅಡುಗೆಮನೆಯ ಪದ, ಯಾರಿಗೂ ವಿವರಿಸಬೇಕಿಲ್ಲ. ಆದರೆ ಒಂದು ತೊಡಕಿದೆ. ಈ ಅಂಕಿ ಜರಡಿಯ ಲೆಕ್ಕ. ಒಂದು ಇಂಚಿಗೆ ಕಣ್ಣು ಜಾಸ್ತಿಯಾದಷ್ಟೂ ಕೆಳಗೆ ಬೀಳುವ ಪುಡಿ ಸಣ್ಣದು. ಹಾಗಾಗಿ 220 ಅಂದರೆ ನುಣುಪು, 80 ಅಂದರೆ ಒರಟು. ‘220 ತರಿ’ ಅಂತ ಬರೆದರೆ ಓದುವವರು ತಿರುಗಾಮುರುಗಾ ಮಾಡಿಕೊಳ್ಳುವುದಿಲ್ಲವೇ? ಹೋದ ತಿಂಗಳು ಶೆಡ್ಡಿನ ಹುಡುಗನೊಬ್ಬ ಅಂಕಿ ಕಡಿಮೆ ಇದ್ದರೆ ನಯ ಅಂದುಕೊಂಡು, ಕೊನೆಯ ಸುತ್ತಿಗೆ 80ರ ಪೇಪರ್ ಹಾಕಿಬಿಟ್ಟ. ತೇಗದ ಬಾಗಿಲು ನೋಡಲು ಚೆನ್ನಾಗಿಯೇ ಇತ್ತು. ಪಾಲಿಶ್ ಬಿದ್ದ ಮೇಲೆ ಜಿಲೇಬಿ ಸುತ್ತಿದ ಹಾಗೆ ಪುಟ್ಟ ಪುಟ್ಟ ಸುರುಳಿ ಗೀರು ಎದ್ದು ಬಂದವು. ಅದಕ್ಕೇ ‘ಜರಡಿ ನಂಬರ್’ ಮೇಲೇ? ನೀವು ಹೇಳಿ.

ಗ್ರೇನ್‌ಗೆ, ಅಂದರೆ ಮರದ ನಾರು ಓಡುವ ದಿಕ್ಕಿಗೆ, ‘ಎಳೆ’ ಅಂತ ಬರೆದಿದ್ದೇನೆ. ಫೋನಿನಲ್ಲಿ ಅನುವಾದಿಸಿ ನೋಡಿದೆ, ‘ಧಾನ್ಯ’ ಅಂತ ಬಂತು. ‘ಎಳೆ ಹಿಡಿದು’ ಅಂದರೆ ಸಾಕು ಅನ್ನಿಸುತ್ತದೆ.

ನನಗೆ ನಿಜಕ್ಕೂ ಮುಖ್ಯವಾದದ್ದು ಕ್ರಿಯಾಪದ. ನಮ್ಮಲ್ಲಿ ‘ಪೇಪರ್ ಹೊಡಿ’ ಅನ್ನುತ್ತಾರೆ, ಇಲ್ಲವೇ ‘ಉಜ್ಜು’. ಎರಡರಲ್ಲೂ ಬಲ ಹಾಕುವ ಅರ್ಥವಿದೆ. ಕೈಯಲ್ಲಿ ಉಜ್ಜುವಾಗ ಅದು ಸರಿ. ಈ ಮಷಿನ್ನಿಗೆ ಅದೇ ತಪ್ಪು. ಒತ್ತಿದರೆ ಪೇಪರ್ ಅಂಟಿಸುವ ತಟ್ಟೆಯ ತಿರುಗಾಟ ನಿಧಾನವಾಗುತ್ತದೆ, ಮೋಟಾರು ಬಿಸಿಯಾಗುತ್ತದೆ, ಪೇಪರಿನಲ್ಲಿ ಪುಡಿ ಕಟ್ಟಿಕೊಳ್ಳುತ್ತದೆ, ಅಂಗೈ ಜುಮ್ಮೆನ್ನುತ್ತದೆ. ಮಷಿನ್ನಿನ ಭಾರವೇ ಸಾಕು. ಹಾಗಾಗಿ ‘ತೀಡು’ ಅಂತ ಬರೆಯಬೇಕೆಂದಿದ್ದೇನೆ. ಹುಬ್ಬು ತೀಡುವಾಗ ಯಾರೂ ಒತ್ತುವುದಿಲ್ಲ, ಅಲ್ವಾ? ‘ಒತ್ತಬೇಡಿ, ಎಳೆ ಹಿಡಿದು ನಿಧಾನಕ್ಕೆ ತೀಡಿ’ ಎಂಬುದು ನನ್ನ ಕರಡು.

ಇನ್ನೊಂದು, ‘ಹೊಟ್ಟು’. ಗರಗಸದಿಂದ ಉದುರುವುದು ಹೊಟ್ಟು, ಕಣ್ಣಿಗೆ ಕಾಣುತ್ತದೆ, ಗುಡಿಸಿದರೆ ಆಯಿತು. ಸ್ಯಾಂಡರ್ ಎಬ್ಬಿಸುವುದು ಪೌಡರಿನಷ್ಟು ಸಣ್ಣ ದೂಳು. ಗಾಳಿಯಲ್ಲೇ ನಿಂತಿರುತ್ತದೆ, ಎದೆಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಮರದ ದೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬೀಟೆಯ ದೂಳಿಗೆ ಕೆಲವರ ಮೈ ಕೆರೆಯುತ್ತದೆ. ‘ಹೊಟ್ಟು’ ಅಂತ ಬರೆದರೆ ಟವೆಲ್ ಸುತ್ತಿಕೊಂಡು ಕೆಲಸಕ್ಕೆ ಇಳಿಯುತ್ತಾರೆ. ‘ದೂಳು’ ಅಂತಲೇ ಬರೆದು, ಎನ್95 ಮಾಸ್ಕ್ ಹಾಕಿ ಅಂತ ಸೇರಿಸಿದ್ದೇನೆ.

ಉಳಿದ ಸಾಲುಗಳು ಹೀಗಿವೆ: ಪ್ಲಗ್ ಕಿತ್ತ ಮೇಲೇ ಪೇಪರ್ ಬದಲಿಸಿ. ಪೇಪರಿನ ತೂತು ತಟ್ಟೆಯ ತೂತಿಗೆ ಕೂಡಿಸಿ, ಇಲ್ಲದಿದ್ದರೆ ದೂಳು ಚೀಲಕ್ಕೆ ಹೋಗುವುದಿಲ್ಲ. ಚೀಲ ಅರ್ಧ ತುಂಬಿದಾಗಲೇ ಖಾಲಿ ಮಾಡಿ. ತಟ್ಟೆ ಪೂರ್ತಿ ನಿಂತ ಮೇಲೆ ಮಷಿನ್ ಕೆಳಗಿಡಿ.

‘ತೀಡು’ ನಿಮ್ಮ ಕಡೆಯ ಬಡಗಿಗಳ ಬಾಯಲ್ಲಿ ಇದೆಯೇ? ಬೇರೆ ಮಾತಿದ್ದರೆ ಊರಿನ ಹೆಸರಿನ ಜೊತೆ ತಿಳಿಸಿ.